ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂ ನೋಡಲು ಹೊರಟ ನಮ್ಮೂರ ಅಪ್ಪ-ಅಮ್ಮಂದಿರಿಗೆ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಬರುವ ನಮ್ಮ ಗುಂಪಿನಲ್ಲಿ ಈಗ ಯಾರನ್ನು ಕೇಳಿದರೂ ಮಕ್ಕಳು ಹೊರದೇಶದಲ್ಲಿ. ನೆದರ್‌ಲ್ಯಾಂಡ್ಸ್ ಕಡೆ ಹೋದವರೂ ಕಡಿಮೆಯೇನಿಲ್ಲ. "ಮಗನ ಮನೆಗೆ ಹೊರಟಿದ್ದೀವಿ ಮೇಡಂ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಏನೇನು ನೋಡ್ಬೇಕು ಹೇಳಿ" ಅಂತ ಕೇಳುವವರಿಗೆ ಹೇಳಿ ಹೇಳಿ ಸಾಕಾಗಿ, ಈಗ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಮಂಡ್ಯದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿದ್ದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಮೇಲೇ ಕಾಲ ಕಳೆದವರು. ಈಗ ಕುವೆಂಪುನಗರದಲ್ಲಿದ್ದೇವೆ. ಮಗಳು ಐಂಡ್‌ಹೋವನ್‌ನಲ್ಲಿ. ಹಾಗಾಗಿ ಕೆಳಗೆ ಬರುವುದರಲ್ಲಿ ಚಿತ್ರದ ಮಾತು ನನ್ನದು, ನೀರಿನ ಮಾತು ಅವರದು, ಟಿಕೆಟಿನ ಮಾತು ಮಗಳದು. ವೀಸಾ, ವಿಮಾನ, ಇನ್ಶೂರೆನ್ಸ್ ಎಲ್ಲ ಮಕ್ಕಳು ನೋಡಿಕೊಳ್ಳುತ್ತಾರೆ, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಎಲ್ಲವನ್ನೂ ನೋಡಲು ಹೋಗಬಾರದು. ಅಲ್ಲಿನ ದೊಡ್ಡ ಮ್ಯೂಸಿಯಂ ರೈಕ್ಸ್‌ಮ್ಯೂಸಿಯಂ. ಅದೊಂದರಲ್ಲೇ 80 ಕೋಣೆ, ಸುಮಾರು 8,000 ವಸ್ತು ಇಟ್ಟಿದ್ದಾರೆ. ಒಂದೊಂದಕ್ಕೆ ಅರ್ಧ ನಿಮಿಷ ಕೊಟ್ಟರೂ 66 ಗಂಟೆ ದಾಟುತ್ತದೆ. ಆದರೂ ನಮ್ಮ ಜನ ಬೆಳಗ್ಗೆ ಒಂದು ಮ್ಯೂಸಿಯಂ, ಮಧ್ಯಾಹ್ನ ಇನ್ನೊಂದು, ಸಂಜೆ ದೋಣಿ ಅಂತ ಹಾಕಿಕೊಂಡು, ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಏನು ನೋಡಿದಿರಿ ಅಂದರೆ ಫೋನ್ ತೆಗೆಯುತ್ತಾರೆ. ನನ್ನ ಲೆಕ್ಕ ಇಷ್ಟೇ: ದಿನಕ್ಕೆ ಒಂದು ದೊಡ್ಡ ಮ್ಯೂಸಿಯಂ, ಅದರಲ್ಲಿ ನಾಲ್ಕೈದು ಚಿತ್ರ. ಒಂದೊಂದರ ಮುಂದೆ ಹತ್ತು ನಿಮಿಷ. ಮಿಕ್ಕಿದ್ದು ದಾರಿಯಲ್ಲಿ ಸಿಕ್ಕಷ್ಟು.

ಹೊರಡುವ ಮೊದಲು ಇಲ್ಲೇ ತಾಲೀಮು

ಹತ್ತು ನಿಮಿಷ ಒಂದು ಚಿತ್ರದ ಮುಂದೆ ನಿಲ್ಲುವುದು ಅಂದುಕೊಂಡಷ್ಟು ಸುಲಭ ಅಲ್ಲ. ಎರಡನೇ ನಿಮಿಷಕ್ಕೇ ಕಾಲು ಮುಂದಕ್ಕೆ ಎಳೆಯುತ್ತದೆ. ಅದಕ್ಕೇ ಇಲ್ಲೇ ಅಭ್ಯಾಸ ಮಾಡಿಕೊಳ್ಳಿ, ಖರ್ಚೂ ಕಡಿಮೆ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಮಂಡ್ಯದವರೆಲ್ಲ ಸ್ಕೂಲ್ ಟ್ರಿಪ್ಪಲ್ಲಿ ಒಂದು ಸಲ ಹೋಗಿ ಬಂದಿರುತ್ತಾರೆ, ಆದರೆ ಗೋಡೆಯನ್ನು ನಿಂತು ನೋಡಿದವರು ಕಮ್ಮಿ. ಪಶ್ಚಿಮದ ಗೋಡೆ ಮೇಲೆ, ಹೈದರ್-ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ ಇದೆ. ಮೊದಲಿಗೆ ಬರೀ ಜನಜಂಗುಳಿ, ಕುದುರೆ, ಕತ್ತಿ. ಸ್ವಲ್ಪ ಹೊತ್ತು ನಿಂತರೆ ಒಂದೊಂದೇ ಬಿಡಿಸಿಕೊಳ್ಳುತ್ತದೆ. ಇಂಗ್ಲಿಷರ ಮದ್ದಿನ ಗಾಡಿ ಸಿಡಿಯುತ್ತಿರುವುದು ಕಾಣುತ್ತದೆ. ಪಲ್ಲಕ್ಕಿಯಲ್ಲಿ ಕೂತ ಅವರ ಸೇನಾಧಿಕಾರಿ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡಿರುವುದು ಕಾಣುತ್ತದೆ. ಆ ಬೆರಳನ್ನು ನೀವೇ ಹುಡುಕಿದರೆ ಅರ್ಧ ಕೆಲಸ ಆಯಿತು ಅನ್ನಿ. ಆಮ್‌ಸ್ಟರ್‌ಡ್ಯಾಮ್‌ನ ಬಹಳ ಚಿತ್ರಗಳು ಇದೇ ರೀತಿ ಕಣ್ಣಿಗೆ ಕೆಲಸ ಕೊಡುವಂಥವು.

ಇನ್ನೊಂದು ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿರುವ ದೀಪ ಹಿಡಿದ ಹೆಂಗಸು. ರವಿವರ್ಮನದು ಅಂತ ಎಷ್ಟೋ ಜನ ಈಗಲೂ ಹೇಳುತ್ತಾರೆ. ಅಲ್ಲ, ಅದು ಎಸ್.ಎಲ್. ಹಲ್ದಂಕರ್ ಅನ್ನುವ ಚಿತ್ರಕಾರರದು. ಅದೂ ಜಲವರ್ಣ. ಕತ್ತಲ ಕೋಣೆಯಲ್ಲಿ ನಿಂತು ನೋಡಿದವರಿಗೆ ಗೊತ್ತು, ಬೆಳಕು ದೀಪದಿಂದ ಎದ್ದು, ಬೆರಳ ಸಂದಿಯಲ್ಲಿ ಕೆಂಪಾಗಿ ತೂರಿ, ಮುಖಕ್ಕೆ ಹೋಗುತ್ತದೆ. ಚಿತ್ರದಲ್ಲಿ ಬೆಳಕು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸುವುದನ್ನು ಇಲ್ಲೇ ಕಲಿತರೆ, ಡಚ್ ಚಿತ್ರಕಾರ ರೆಂಬ್ರಾಂಟ್‌ನ ಚಿತ್ರದ ಮುಂದೆ ನಿಂತಾಗ ಗೈಡ್ ಬೇಕಾಗುವುದಿಲ್ಲ.

ಟಿಕೆಟ್

ನಮ್ಮ ಅರಮನೆಯ ಥರ ಹೋಗಿ ಕೌಂಟರಿನಲ್ಲಿ ನಿಂತು ಟಿಕೆಟ್ ತಗೊಳ್ಳೋಣ ಅಂದರೆ ಅಲ್ಲಿ ನಡೆಯುವುದಿಲ್ಲ. ರೈಕ್ಸ್‌ಮ್ಯೂಸಿಯಂ, ಚಿತ್ರಕಾರ ವ್ಯಾನ್ ಗೋನ ಮ್ಯೂಸಿಯಂ, ನಾಜಿಗಳಿಂದ ಅಡಗಿಕೊಂಡು ಡೈರಿ ಬರೆದ ಯಹೂದಿ ಹುಡುಗಿ ಆ್ಯನ್ ಫ್ರಾಂಕ್ ಮನೆ, ಈ ಮೂರಕ್ಕೂ ದಿನದ ಜೊತೆ ಒಳಗೆ ಹೋಗುವ ಸಮಯವನ್ನೂ ಆನ್‌ಲೈನ್‌ನಲ್ಲಿ ಗೊತ್ತು ಮಾಡಿಕೊಂಡು ಬುಕ್ ಮಾಡಬೇಕು. ಮೊದಲೆರಡು ತಲಾ 25 ಯೂರೋ ಆಸುಪಾಸು. ಹಿರಿಯ ನಾಗರಿಕರು ಅಂತ ರಿಯಾಯಿತಿ ಕೇಳಬೇಡಿ, ಸಿಗುವುದಿಲ್ಲ. ಈ ಎರಡರಲ್ಲಿ 18ರ ಒಳಗಿನವರಿಗೆ ಮಾತ್ರ ಪುಕ್ಕಟೆ. ಮೊಮ್ಮಗು ಜೊತೆಯಲ್ಲಿದ್ದರೆ ಅದಕ್ಕೂ ಸೊನ್ನೆ ಯೂರೋದ ಟಿಕೆಟ್ ಹಾಕಿಸಿ.

ಕಷ್ಟ ಇರುವುದು ಆ್ಯನ್ ಫ್ರಾಂಕ್ ಮನೆಯದು. ಪ್ರತಿ ಮಂಗಳವಾರ ಅಲ್ಲಿನ ಬೆಳಗ್ಗೆ 10 ಗಂಟೆಗೆ, ಆರು ವಾರ ಮುಂದಿನ ಟಿಕೆಟ್ ಬಿಡುತ್ತಾರೆ. ಅಂದರೆ ನಮ್ಮ ಮಧ್ಯಾಹ್ನ ಒಂದೂವರೆ. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ ಅವರ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತದೆ, ಆಗ ನಮ್ಮ ಎರಡೂವರೆ. ವಿಮಾನದ ಟಿಕೆಟ್ ಆದ ಕೂಡಲೇ ಕ್ಯಾಲೆಂಡರಿನಲ್ಲಿ ಆ ಮಂಗಳವಾರಕ್ಕೆ ಗುರುತು ಹಾಕಿ. ಮಕ್ಕಳು ಆ ಹೊತ್ತಿಗೆ ಆಫೀಸಿನಲ್ಲಿ ಮೀಟಿಂಗ್‌ನಲ್ಲಿರುತ್ತಾರೆ. ನೀವೇ ಊಟ ಮುಗಿಸಿ ಮೈಸೂರಿನಿಂದಲೇ ಬುಕ್ ಮಾಡಬಹುದು. ಆ್ಯನ್ ಫ್ರಾಂಕ್ ಮನೆಯವರದೇ ವೆಬ್‌ಸೈಟಿನಲ್ಲಿ ಮಾಡಿ. ನಮ್ಮ ಪರಿಚಯದವರೊಬ್ಬರು ಯಾವುದೋ ಮರುಮಾರಾಟದ ಸೈಟಿಗೆ ದುಪ್ಪಟ್ಟು ಕೊಟ್ಟರು. ಬಂದಿದ್ದು ಆ ಮನೆಯ ಸುತ್ತ ಬೀದಿಯಲ್ಲಿ ನಡೆಸುವ ಟೂರಿನ ಟಿಕೆಟ್, ಒಳಗೆ ಪ್ರವೇಶವೇ ಇಲ್ಲ.

ಮ್ಯೂಸಿಯಂಕಾರ್ಟ್ ಅಂತ ಒಂದು ಕಾರ್ಡ್ ಇದೆ. ಅಲ್ಲಿ ವಾಸ ಇರುವವರಿಗೆ ಒಂದು ವರ್ಷ, ದೇಶದ ನೂರಾರು ಮ್ಯೂಸಿಯಂಗೆ ನಡೆಯುತ್ತದೆ. ನಮ್ಮಂಥ ಪ್ರವಾಸಿಗರು ತಗೊಂಡರೆ 31 ದಿನದಲ್ಲಿ ಐದು ಮ್ಯೂಸಿಯಂ. ಎರಡು ಮೂರಕ್ಕಿಂತ ಜಾಸ್ತಿ ನೋಡುವವರಿಗೆ ಲಾಭ. ಕಾರ್ಡ್ ಇದ್ದರೂ ವ್ಯಾನ್ ಗೋಗೆ ಸಮಯ ಬುಕ್ ಮಾಡಲೇಬೇಕು, ಅದನ್ನು ಮರೆಯಬೇಡಿ.

ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ನಿಮ್ಮ ಕಾರ್ಡಿಗೆ ವಿದೇಶಿ ಬಳಕೆ ಆನ್ ಮಾಡಿಸಿ. ಅಲ್ಲಿ ಎಷ್ಟೋ ಕಡೆ ನೋಟು ಮುಟ್ಟುವುದೇ ಇಲ್ಲ. ಟ್ರಾಂ, ರೈಲು ಎಲ್ಲಕ್ಕೂ ಅದೇ ಕಾರ್ಡ್ ತಾಗಿಸಿ ಹತ್ತಬಹುದು, ಅದೇ ಕಾರ್ಡ್ ತಾಗಿಸಿ ಇಳಿಯಬೇಕು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾರ್ಡ್ ನಡೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು.

ಹೋಗುವುದು, ನಡೆಯುವುದು

ಐಂಡ್‌ಹೋವನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ರೈಲು, ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಬೆಳಗ್ಗೆ ಆರೂವರೆಯಿಂದ 9 ಗಂಟೆವರೆಗೆ ಆಫೀಸಿನವರ ಹೊತ್ತು. ಅದು ಕಳೆದ ಮೇಲೆ ಹತ್ತಿದರೆ ರಿಯಾಯಿತಿ ಕಾರ್ಡ್ ಇರುವ ಮಗಳ ಜೊತೆ ಹೋಗುವವರಿಗೂ ಟಿಕೆಟಿನಲ್ಲಿ 40% ಬಿಡುತ್ತಾರೆ. ಅಂದಮೇಲೆ ಮ್ಯೂಸಿಯಂ ಸಮಯವನ್ನು ಹನ್ನೊಂದೂವರೆ ಹನ್ನೆರಡಕ್ಕೆ ಇಟ್ಟುಕೊಳ್ಳಿ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್ ಸ್ಟೇಷನ್ ಎದುರಿಗೇ 2 ಅಥವಾ 12ನೇ ನಂಬರ್ ಟ್ರಾಂ ಹತ್ತಿದರೆ ರೈಕ್ಸ್‌ಮ್ಯೂಸಿಯಂ, ವ್ಯಾನ್ ಗೋ ಎರಡೂ ಇರುವ ಮ್ಯೂಸಿಯಂ ಚೌಕ. ವಿಮಾನ ನಿಲ್ದಾಣದಿಂದ ನೇರ ಬರುವವರಿಗೆ 397ನೇ ಬಸ್ಸು.

ಕೆಂಪು ಬಣ್ಣದ ದಾರಿ ಸೈಕಲ್‌ನವರದು. ಅದರಲ್ಲಿ ನಿಂತು ಫೋಟೋ ತೆಗೆಯಬೇಡಿ. ಗಂಟೆ ಹೊಡೆದರೆ ಹಿಂದೆ ತಿರುಗಿ ನೋಡುತ್ತಾ ನಿಲ್ಲದೆ ಪಕ್ಕಕ್ಕೆ ಸರಿಯಿರಿ. ಅವರು ನಿಧಾನ ಮಾಡುವ ಪೈಕಿ ಅಲ್ಲ. ರೈಕ್ಸ್‌ಮ್ಯೂಸಿಯಂ ಕಟ್ಟಡದ ಹೊಟ್ಟೆಯೊಳಗೇ ಒಂದು ಸೈಕಲ್ ದಾರಿ ಹೋಗುತ್ತದೆ! 2003ರಿಂದ 2013ರವರೆಗೆ ಹತ್ತು ವರ್ಷ ಮುಚ್ಚಿ ದುರಸ್ತಿ ಮಾಡಿದಾಗ ಆ ದಾರಿ ತೆಗೆಯಬೇಕು ಅಂತ ಮಾತು ಬಂತಂತೆ. ಸೈಕಲ್‌ನವರು ಬಿಡಲಿಲ್ಲ.

ಸೀರೆ ಉಟ್ಟರೂ ಕಾಲಿಗೆ ಶೂ ಇರಲಿ. ಛತ್ರಿಗಿಂತ ಟೋಪಿ ಇರುವ ಮಳೆಕೋಟು ವಾಸಿ, ಗಾಳಿಗೆ ಛತ್ರಿ ತಲೆಕೆಳಗಾಗುತ್ತದೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಕೆಳಗೆ ಇಟ್ಟು ಹೋಗಬೇಕು. ಇನ್ನು, ಶೌಚಾಲಯಕ್ಕೆ ಸ್ಟೇಷನ್ನಿನಲ್ಲಿ ದುಡ್ಡು, ಮ್ಯೂಸಿಯಂನಲ್ಲಿ ಪುಕ್ಕಟೆ. ನಮ್ಮ ವಯಸ್ಸಿಗೆ ಇದು ಕಲೆಗಿಂತ ಮುಖ್ಯ, ಹೊರಡುವ ಮುಂಚೆ ಒಂದು ಸಲ ಹೋಗಿಬನ್ನಿ.

ರೈಕ್ಸ್‌ಮ್ಯೂಸಿಯಂನಲ್ಲಿ

ನೇರ 2ನೇ ಮಹಡಿಗೆ ಹೋಗಿ. ಲಿಫ್ಟ್ ಇದೆ. ಅಲ್ಲಿ ಉದ್ದನೆಯ ಗೌರವ ಗ್ಯಾಲರಿ, ಅದರ ತುದಿಗೆ ರೆಂಬ್ರಾಂಟ್‌ನ 'ನೈಟ್ ವಾಚ್'. 1642ರದು. ಎತ್ತರ ಪೌನೆ ನಾಲ್ಕು ಮೀಟರ್, ಅಗಲ ನಾಲ್ಕೂವರೆ. ಅದರ ಮುಂದೆ ಯಾವಾಗಲೂ ಜನ. 2019ರಿಂದ ಗಾಜಿನ ಕೋಣೆ ಕಟ್ಟಿ, ಜನರ ಕಣ್ಣೆದುರೇ ಪರೀಕ್ಷೆ, ದುರಸ್ತಿ ಮಾಡುತ್ತಿದ್ದಾರೆ. ನೀವು ಹೋದಾಗಲೂ ಕೆಲಸ ನಡೆಯುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅದನ್ನೂ ನೋಡಿ.

ಆ ಕಾಲದಲ್ಲಿ ಊರು ಕಾಯುವ ದಳದವರು ದುಡ್ಡು ಹಾಕಿ ತಮ್ಮ ಗುಂಪಿನ ಚಿತ್ರ ಬರೆಸುತ್ತಿದ್ದರು. ಅಕ್ಕಪಕ್ಕ ಬೇರೆಯವರು ಬರೆದ ಅಂಥವೇ ಚಿತ್ರಗಳಿವೆ, ಮೊದಲು ಅವನ್ನು ನೋಡಿ. ಸ್ಕೂಲಿನ ಗ್ರೂಪ್ ಫೋಟೋ ಥರ ಎಲ್ಲರೂ ಸಾಲಾಗಿ, ಎಲ್ಲರ ಮುಖಕ್ಕೂ ಸಮಾನ ಬೆಳಕು. ಆಮೇಲೆ ರೆಂಬ್ರಾಂಟ್ ಕಡೆ ತಿರುಗಿ. ಇವನು ಯಾರನ್ನೂ ಕೂರಿಸಿಲ್ಲ. ಕ್ಯಾಪ್ಟನ್ ಹೊರಡಿ ಅಂತ ಕೈ ಚಾಚಿದ್ದಾನೆ, ಆ ಕೈಯ ನೆರಳು ಪಕ್ಕದವನ ಹಳದಿ ಬಟ್ಟೆ ಮೇಲೆ ಬಿದ್ದಿದೆ. ಒಬ್ಬ ಬಂದೂಕಿಗೆ ಮದ್ದು ತುಂಬುತ್ತಿದ್ದಾನೆ, ನಾಯಿ ಬೊಗಳುತ್ತಿದೆ. ದುಡ್ಡು ಕೊಟ್ಟವರಲ್ಲಿ ಕೆಲವರ ಅರ್ಧ ಮುಖ ಕತ್ತಲಲ್ಲಿ. ದುಡ್ಡೇ ಕೊಡದ ಒಬ್ಬಳು ಹುಡುಗಿ ಮಾತ್ರ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಾಳೆ, ಸೊಂಟದಲ್ಲಿ ಕೋಳಿ ನೇತಾಡುತ್ತಿದೆ. ಬೆಳಕು ಯಾಕೆ ಅವಳ ಮೇಲೆ? ಉತ್ತರ ಹುಡುಕುವ ಅವಸರ ಬೇಡ, ಬೆಳಕಿನ ಜೊತೆ ಕಣ್ಣು ಓಡಿಸಿ ಸಾಕು.

ಹೆಸರು 'ನೈಟ್' ಅಂತಿದ್ದರೂ ಅದು ರಾತ್ರಿ ಅಲ್ಲ. ಮೇಲೆ ಬಳಿದ ವಾರ್ನಿಶ್ ಕಾಲಕ್ರಮೇಣ ಕಪ್ಪಾಗಿ ಆ ಹೆಸರು ಅಂಟಿಕೊಂಡಿತು. 1715ರಲ್ಲಿ ಅದನ್ನು ಪುರಭವನಕ್ಕೆ ಸಾಗಿಸಿದಾಗ, ಎರಡು ಬಾಗಿಲ ನಡುವೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದರು! ನನಗೆ ಅದನ್ನು ಓದಿದಾಗ ಹೊಟ್ಟೆ ಉರಿಯಿತು. ಆ ತುಂಡುಗಳು ಸಿಕ್ಕಿಲ್ಲ. ಹಳೆಯ ಒಂದು ಸಣ್ಣ ಪ್ರತಿ ಇತ್ತು, ಅದನ್ನು ಆಧಾರ ಮಾಡಿಕೊಂಡು 2021ರಲ್ಲಿ ಕಂಪ್ಯೂಟರ್‌ನಿಂದ ಆ ಭಾಗಗಳನ್ನು ಮತ್ತೆ ಮಾಡಿ ಕೆಲವು ತಿಂಗಳು ಪಕ್ಕಕ್ಕೆ ಜೋಡಿಸಿಟ್ಟಿದ್ದರು.

ಅದೇ ಗ್ಯಾಲರಿಯಲ್ಲಿ, ಅದೇ ಕಾಲದ ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರ್‌ನ 'ಮಿಲ್ಕ್‌ಮೇಡ್' ಇದೆ. ನನ್ನನ್ನು ಕೇಳಿದರೆ ನೈಟ್ ವಾಚ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ. ಎಷ್ಟು ಚಿಕ್ಕದು ಅಂದರೆ 45 ಸೆಂಟಿಮೀಟರ್ ಎತ್ತರ, 41 ಅಗಲ. ಅಡುಗೆಮನೆಯಲ್ಲಿ ಒಬ್ಬಳು ಕೆಲಸದ ಹೆಂಗಸು ಮಡಕೆಯಿಂದ ಹಾಲು ಸುರಿಯುತ್ತಿದ್ದಾಳೆ. ಅಷ್ಟೇ ಕಥೆ. ಹತ್ತಿರ ಹೋಗಿ ಅವಳ ಕೈ ನೋಡಿ. ತೋಳು ಮೇಲೆ ಮಡಚಿದೆ. ಮಣಿಕಟ್ಟಿನ ಕೆಳಗೆ ಕೆಂಪು, ಮೇಲೆ ಬಿಳಿ. ಬಿಸಿಲು, ನೀರು ಕಂಡ ಭಾಗ ಬೇರೆ, ತೋಳಿನೊಳಗೆ ಇದ್ದ ಭಾಗ ಬೇರೆ. ಕಬ್ಬಿನ ಗದ್ದೆಯಿಂದ ಬಂದ ನನ್ನ ಕ್ಲಾಸಿನ ಮಕ್ಕಳ ಅಮ್ಮಂದಿರ ಕೈಯನ್ನು ನಾನು ಹಾಗೇ ನೋಡಿದ್ದೇನೆ. ಇನ್ನು ಗೋಡೆ. ಬರೀ ಬಿಳಿ ಗೋಡೆ ಅನ್ನಿಸುತ್ತದೆ, ಅಲ್ವಾ? ಅದರಲ್ಲಿ ಒಂದು ಮೊಳೆ ಇದೆ, ಮೊಳೆಗೆ ನೆರಳಿದೆ. ಹಿಂದೆ ಮೊಳೆ ಹೊಡೆದು ಕಿತ್ತ ತೂತುಗಳೂ ಇವೆ. ಬ್ರೆಡ್ಡಿನ ಮೇಲೆ ಬಣ್ಣವನ್ನು ಬಳಿದಿಲ್ಲ, ಚುಕ್ಕಿ ಚುಕ್ಕಿ ಇಟ್ಟಿದ್ದಾನೆ. ಮೈಸೂರು ಶೈಲಿಯಲ್ಲಿ ಗೆಸ್ಸೋ (ಚಿನ್ನದ ರೇಕು ಕೂರಿಸುವ ಉಬ್ಬು ಲೇಪ) ಇಟ್ಟವರಿಗೆ ಆ ಚುಕ್ಕಿಯ ಉಬ್ಬು ಏನು ಅಂತ ಹೇಳಬೇಕಾಗಿಲ್ಲ. ಏಪ್ರನ್ನಿನ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ ಬಣ್ಣ. ಆ ಕಲ್ಲು ಆಫ್ಘಾನಿಸ್ತಾನದಿಂದ ಹೋಗುತ್ತಿತ್ತು, ಬೆಲೆ ಬಹಳ. ಅಂಥ ಬಣ್ಣವನ್ನು ಕೆಲಸದವಳ ಏಪ್ರನ್ನಿಗೆ ಹಾಕಿದ್ದಾನೆ.

ಅವಳ ತಲೆಯ ಹಿಂದೆ ಮೊದಲು ಮಡಕೆ ನೇತುಹಾಕುವ ಹಲಗೆ ಬರೆದು, ಆಮೇಲೆ ಅದನ್ನು ಅಳಿಸಿ ಖಾಲಿ ಗೋಡೆ ಬಿಟ್ಟಿದ್ದಾನೆ ಅಂತ 2022ರಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು. ನನ್ನ ವಿದ್ಯಾರ್ಥಿಗಳು ಖಾಲಿ ಜಾಗ ಕಂಡಲ್ಲೆಲ್ಲ ಒಂದು ತೆಂಗಿನಮರ ನೆಡುತ್ತಿದ್ದರು. ಅವರಿಗೆ ಇದನ್ನು ತೋರಿಸಬೇಕಿತ್ತು.

ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊಂಡಿರಿ. ಇಲ್ಲಿ ನಿಂತು ಪೆನ್ಸಿಲ್‌ನಲ್ಲಿ ಬರೆಯಬಹುದು, ಮ್ಯೂಸಿಯಂನವರೇ ಬರೆಯಿರಿ ಅಂತ ಹುರಿದುಂಬಿಸುತ್ತಾರೆ. ಪೆನ್ನು, ಬಣ್ಣ ಬೇಡ. ನನಗೆ ಬರಲ್ಲ ಅನ್ನಬೇಡಿ. ಅವಳ ಮಡಕೆಯ ಬಾಯಿ ಒಂದನ್ನೇ ಬರೆಯಲು ನೋಡಿ. ಬರೆದದ್ದು ಕೆಟ್ಟರೂ ನೋಡಿದ್ದು ಉಳಿಯುತ್ತದೆ.

ಆಮೇಲೆ ಕೆಳಗಿಳಿದು, ನೀರಿನ ನಡುವೆ ಕಟ್ಟಿದ ಏಷ್ಯಾ ವಿಭಾಗಕ್ಕೆ ಬನ್ನಿ. ತಮಿಳುನಾಡಿನ ಕಂಚಿನ ನಟರಾಜ ಇದ್ದಾನೆ, ಚೋಳರ ಕಾಲದವನು, ಹನ್ನೆರಡನೇ ಶತಮಾನ. ಎಕ್ಸ್‌ರೇ ಮಾಡಿ ನೋಡಿದರೆ ಒಳಗೆ ಪೊಳ್ಳಿಲ್ಲ, ಪೂರ್ತಿ ಗಟ್ಟಿ ಎರಕ. ಕೈ ಮುಗಿದರೆ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಯಜಮಾನರು ಶೂ ಬಿಚ್ಚಲು ಹೊರಟಿದ್ದರು, ಅದು ಬೇಡ ಅಂತ ಮಗಳು ತಡೆದಳು.

ರೆಂಬ್ರಾಂಟ್ ಒಮ್ಮೆಯೂ ಹಿಂದೂಸ್ತಾನಕ್ಕೆ ಬಂದವನಲ್ಲ. ಆದರೂ ವ್ಯಾಪಾರಿ ಹಡಗಿನಲ್ಲಿ ಬಂದ ಮೊಘಲ್ ಚಿತ್ರಗಳನ್ನು ನೋಡಿಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಮಾಡಿದ್ದಾನೆ. ಅವು ಬೇರೆ ಬೇರೆ ದೇಶದ ಮ್ಯೂಸಿಯಂಗಳಲ್ಲಿವೆ. ಕಾಗದದ ಮೇಲಿನವು ಆದ್ದರಿಂದ ಯಾವಾಗಲೂ ಹೊರಗೆ ಇಡುವುದಿಲ್ಲ, ಕಂಡರೆ ನಿಮ್ಮ ಅದೃಷ್ಟ. ಅವನಿದ್ದ ಮನೆ ಮಾತ್ರ ಊರಿನಲ್ಲೇ ಇದೆ. 1639ರಲ್ಲಿ 13,000 ಗಿಲ್ಡರ್‌ಗೆ (ಅಲ್ಲಿನ ಆಗಿನ ನಾಣ್ಯ) ಕೊಂಡ, ಸಾಲ ತೀರಿಸಲಾಗದೆ 1656ರಲ್ಲಿ ದಿವಾಳಿಯಾದ. ಜಪ್ತಿ ಮಾಡಲು ಬಂದವರು ಒಂದೊಂದು ಸಾಮಾನೂ ಪಟ್ಟಿ ಮಾಡಿದರು, ಆ ಪಟ್ಟಿ ಇಟ್ಟುಕೊಂಡೇ ಈಗ ಮನೆಯನ್ನು ಮೊದಲಿನಂತೆ ಜೋಡಿಸಿದ್ದಾರೆ. ಬಣ್ಣ ಅರೆಯುವುದು, ತಾಮ್ರದ ತಗಡಿನಿಂದ ಎಚಿಂಗ್ ಅಚ್ಚು ತೆಗೆಯುವುದು ಎದುರಿಗೇ ಮಾಡಿ ತೋರಿಸುತ್ತಾರೆ. ಚಿತ್ರ ಕಲಿಯುವ ಮಕ್ಕಳಿದ್ದರೆ ಇಲ್ಲಿಗೆ ಕರೆದುಕೊಂಡು ಹೋಗಿ.

ವ್ಯಾನ್ ಗೋ

ಇದಕ್ಕೆ ಬೇರೆ ದಿನ. ಅವನ ಹೆಸರಾಂತ ಚಿತ್ರ 'ಸ್ಟಾರಿ ನೈಟ್' ನೋಡಲು ಹೋಗಿ ಅದಿಲ್ಲ ಅಂತ ಪೆಚ್ಚಾಗುವವರು ಬಹಳ, ಅದು ಇರುವುದು ನ್ಯೂಯಾರ್ಕ್‌ನಲ್ಲಿ. ಇಲ್ಲಿ ಅವನ 200ಕ್ಕೂ ಹೆಚ್ಚು ವರ್ಣಚಿತ್ರಗಳಿವೆ. ಕೆಳಗಿನಿಂದ ಮೇಲೆ ಹತ್ತುತ್ತಾ ಹೋದಂತೆ ಅವನ ಬಣ್ಣ ಕತ್ತಲಿನಿಂದ ಬಿಸಿಲಿಗೆ ಬರುತ್ತದೆ.

ಶುರುವಿಗೆ 'ಪೊಟೇಟೊ ಈಟರ್ಸ್', 1885ರದು. ಒಂದು ದೀಪ, ಐದು ಜನ ರೈತರು, ಒಂದು ತಟ್ಟೆ ಆಲೂಗಡ್ಡೆ. ಮಣ್ಣಿಗೆ ಇಳಿದ ಕೈಯೇ ತಟ್ಟೆಗೂ ಇಳಿಯುತ್ತಿದೆ ಅಂತ ತೋರಿಸಬೇಕಿತ್ತು ಅಂತ ತಮ್ಮ ಥಿಯೋಗೆ ಅವನೇ ಬರೆದಿದ್ದಾನೆ. ಇದು ಚೆಂದ ಇಲ್ಲ, ಬರೀ ಕಪ್ಪು ಅಂತ ಜನ ಮುಂದೆ ಹೋಗುತ್ತಾರೆ. ರಾಗಿಮುದ್ದೆ ಮುಂದೆ ಕೂತ ಮನೆಯವರ ಗಂಟು ಗಂಟು ಬೆರಳು ನೋಡಿ ಬೆಳೆದ ನಾವು ಹಾಗೆ ಮುಂದೆ ಹೋಗಬಾರದು.

'ಬೆಡ್‌ರೂಮ್' ಚಿತ್ರದ ಗೋಡೆ ಈಗ ನೀಲಿ. ಅವನು ಹಚ್ಚಿದ್ದು ನೇರಳೆ. ಕೆಂಪು ಬಣ್ಣ ಬೆಳಕಿಗೆ ಮಾಸಿ ಹೋಗಿ ನೀಲಿ ಉಳಿದಿದೆ. 'ಆಮಂಡ್ ಬ್ಲಾಸಮ್'ನಲ್ಲೂ ಹೂವು ಮೊದಲು ಇನ್ನೂ ಗುಲಾಬಿಯಾಗಿತ್ತು. 1890ರ ಜನವರಿ ಕೊನೆಯಲ್ಲಿ ಥಿಯೋಗೆ ಗಂಡುಮಗು ಆಯಿತು, ಅಣ್ಣನ ಹೆಸರೇ ಇಟ್ಟ. ಆ ಮಗುವಿಗಾಗಿ ದೊಡ್ಡಪ್ಪ ಬರೆದ ಚಿತ್ರ ಇದು. ಅದೇ ಜುಲೈನಲ್ಲಿ ದೊಡ್ಡಪ್ಪ ತೀರಿಕೊಂಡ, 37 ವರ್ಷಕ್ಕೆ. ಆರು ತಿಂಗಳಲ್ಲಿ ಥಿಯೋ ಕೂಡ ಹೋದ. ಗೋಡೆ ತುಂಬಾ ಬಿಕರಿಯಾಗದ ಚಿತ್ರ, ಕೈಯಲ್ಲಿ ಕೂಸು. ಥಿಯೋನ ಹೆಂಡತಿ ಯೋಹಾನ ಅವನ್ನು ಬಿಸಾಕಲಿಲ್ಲ. ಕಾಗದಗಳನ್ನು ಜೋಡಿಸಿ ಅಚ್ಚು ಹಾಕಿಸಿದಳು, ಪ್ರದರ್ಶನ ಮಾಡಿಸಿದಳು. ಆ ಕೂಸೇ ದೊಡ್ಡವನಾಗಿ ಎಲ್ಲವನ್ನೂ ಒಂದೇ ಕಡೆ ಉಳಿಸಿದ್ದರಿಂದ 1973ರಲ್ಲಿ ಈ ಮ್ಯೂಸಿಯಂ ಆಯಿತು. ಮೇಲೆ ಅವಳ ಬಗ್ಗೆ ಏನಾದರೂ ಇಟ್ಟಿದ್ದರೆ ನಿಂತು ಓದಿ.

ಆ್ಯನ್ ಫ್ರಾಂಕ್ ಮನೆ

ಇಲ್ಲಿ ಕಡಿದಾದ ಮೆಟ್ಟಿಲು, ಏಣಿಯಂತೆ. ಮಂಡಿ ನೋವಿರುವವರು ಯೋಚಿಸಿ. ಫೋಟೋ ತೆಗೆಯುವ ಹಾಗಿಲ್ಲ. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಆ್ಯನ್ ಸೇರಿ ಎಂಟು ಜನ ಯಹೂದಿಗಳು ಪುಸ್ತಕದ ಕಪಾಟಿನ ಹಿಂದೆ ಅಡಗಿದ್ದ ಜಾಗ. ಜೀವ ಉಳಿದು ಬಂದವರು ಆ್ಯನ್ ಅಪ್ಪ ಒಟ್ಟೊ ಒಬ್ಬರೇ. ಸಾಮಾನು ಏನೂ ಇಲ್ಲ, ಹಾಗೇ ಖಾಲಿ ಇರಲಿ ಅಂತ ಅವರೇ ಹೇಳಿದ್ದು. ಗೋಡೆ ಮೇಲೆ ಮಕ್ಕಳು ಎಷ್ಟು ಉದ್ದ ಬೆಳೆದರು ಅಂತ ಹಾಕಿದ ಪೆನ್ಸಿಲ್ ಗುರುತು ಇದೆ. ಇಲ್ಲಿಂದ ಹೊರಗೆ ಬಂದ ಮೇಲೆ ಅದೇ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಚಿತ್ರ ಬೇಡ ಅನ್ನುವವರಿಗೆ ನೀರು

ನಮ್ಮ ಯಜಮಾನರು ಎರಡು ಗಂಟೆ ಚಿತ್ರ ನೋಡಿದ ಮೇಲೆ ಬೆಂಚ್ ಹುಡುಕುತ್ತಾರೆ. ಇಂಥವರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರಿಗೆ ಊರೇ ಮ್ಯೂಸಿಯಂ. ಹದಿನೇಳನೇ ಶತಮಾನದಲ್ಲಿ ತೋಡಿದ ನಾಲೆಗಳ ಸುತ್ತು 2010ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಒಂದು ಗಂಟೆಯ ದೋಣಿ ಸವಾರಿ ಮಾಡಿ, ಆದರೆ ಮ್ಯೂಸಿಯಂ ನೋಡಿದ ಮೇಲೆ. ಕಾಲಿಗೂ ವಿಶ್ರಾಂತಿ. ಮನೆಗಳ ತಲೆಯ ಮೇಲೆ ಹೊರಚಾಚಿದ ತೊಲೆ, ಅದಕ್ಕೆ ಕೊಕ್ಕೆ ಕಾಣುತ್ತದೆ. ಮೆಟ್ಟಿಲು ಇಕ್ಕಟ್ಟು, ಹಾಗಾಗಿ ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದ ಒಳಕ್ಕೆ ಎಳೆದುಕೊಳ್ಳುತ್ತಾರೆ. ಎಳೆಯುವಾಗ ಗೋಡೆಗೆ ತಾಗಬಾರದು ಅಂತ ಎಷ್ಟೋ ಮನೆಯನ್ನು ಮುಂದಕ್ಕೆ ಸ್ವಲ್ಪ ಬಾಗಿಸಿಯೇ ಕಟ್ಟಿದ್ದಾರೆ. ಪಕ್ಕಕ್ಕೆ ಬಾಗಿದ್ದರೆ ಮಾತ್ರ ಅದು ತಳಪಾಯ ಕೂತಿದ್ದು. ಕೆಳಗೆಲ್ಲ ಕೆಸರು, ಮರದ ಕಂಬ ಬಡಿದು ಅದರ ಮೇಲೆ ಊರು ಕಟ್ಟಿರುವುದು. ಡ್ಯಾಮ್ ಚೌಕದ ಅರಮನೆ, ಅಂದರೆ ನೈಟ್ ವಾಚ್ ಕತ್ತರಿಸಿ ಹಾಕಿದ ಅದೇ ಹಳೆಯ ಪುರಭವನ, 13,659 ಕಂಬಗಳ ಮೇಲೆ ನಿಂತಿದೆ. ಅಲ್ಲಿನ ಮಕ್ಕಳಿಗೆ ಅದನ್ನು ನೆನಪಿಡಲು ಕಲಿಸುತ್ತಾರೆ: ವರ್ಷದ ದಿನ 365, ಮುಂದೆ 1, ಹಿಂದೆ 9.

ರೆಂಬ್ರಾಂಟ್ ಮನೆಯಿಂದ ಎರಡು ಹೆಜ್ಜೆ ಹೋದರೆ ಪುರಸಭೆ ಮತ್ತು ಸಂಗೀತ ನಾಟಕದ ರಂಗಮಂದಿರ ಸೇರಿದ ದೊಡ್ಡ ಕಟ್ಟಡ, ಸ್ಟೋಪೆರಾ. ಅದರೊಳಗೆ ನೀರು ತುಂಬಿದ ಮೂರು ಗಾಜಿನ ಕಂಬ ಇಟ್ಟಿದ್ದಾರೆ. ಎರಡರಲ್ಲಿ ಈ ಕ್ಷಣಕ್ಕೆ ಸಮುದ್ರ ಎಷ್ಟು ಎತ್ತರ ಇದೆಯೋ ಅಷ್ಟು ನೀರು ಏರಿಳಿಯುತ್ತದೆ. ಮೂರನೆಯದು ತಲೆಗಿಂತ ಎಷ್ಟೋ ಮೇಲೆ, ನಾಲ್ಕೂವರೆ ಮೀಟರ್. 1953ರ ಪ್ರವಾಹದ ಮಟ್ಟ ಅದು, ಆಗ ಆ ದೇಶದಲ್ಲಿ 1,836 ಜನ ಸತ್ತರು. ಪಕ್ಕದಲ್ಲಿ, ಈ ಎತ್ತರಗಳನ್ನೆಲ್ಲ ಎಲ್ಲಿಂದ ಅಳೆಯುತ್ತಾರೋ ಆ ಸೊನ್ನೆ ಮಟ್ಟ ತೋರಿಸುವ ಒಂದು ಕಂಚಿನ ಗುಬುಟು. ಕೆ.ಆರ್.ಎಸ್. ಮಟ್ಟ ಎಷ್ಟು ಅಡಿ ಅಂತ ಈಗಲೂ ಪೇಪರಿನಲ್ಲಿ ಮೊದಲು ನೋಡುವ ಮನುಷ್ಯ, ಈ ಕಂಬದ ಮುಂದೆ ನಾನು ವರ್ಮೀರ್ ಮುಂದೆ ನಿಂತದ್ದಕ್ಕಿಂತ ಜಾಸ್ತಿ ಹೊತ್ತು ನಿಂತರು. ಟಿಕೆಟ್ ಇಲ್ಲ. ಅಲ್ಲಿಂದ ಆಮ್‌ಸ್ಟೆಲ್ ನದಿ ಹಿಡಿದು ಸ್ವಲ್ಪ ನಡೆದರೆ ಹಳೆಯ ಮರದ ತೂಬಿನ ಬಾಗಿಲುಗಳು. ಅವನ್ನು ಮುಚ್ಚಿ ತೆಗೆದು ಊರಿನ ನಾಲೆಗಳ ನೀರು ಬದಲಾಯಿಸುತ್ತಾರೆ. "ಇಲ್ಲೂ ಒಬ್ಬ ನೀರುಗಂಟಿ ಇರ್ಲೇಬೇಕು" ಅಂತ ಅವರು ಹುಡುಕುತ್ತಲೇ ಇದ್ದರು.

ಸೆಂಟ್ರಲ್ ಸ್ಟೇಷನ್ ಹಿಂದುಗಡೆ ನೀರು ದಾಟಿಸುವ ದೊಡ್ಡ ದೋಣಿ ಪುಕ್ಕಟೆ. ಸಂಜೆ ಸುಮ್ನೆ ಆ ಕಡೆಗೆ ಹೋಗಿ ಈ ಕಡೆಗೆ ಬನ್ನಿ.

ಊಟ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋಗಿ ಮ್ಯೂಸಿಯಂ ಚೌಕದ ಹುಲ್ಲಿನ ಮೇಲೆ ಕೂತು ತಿನ್ನಬಹುದು, ಕಡಲಹಕ್ಕಿ ಕಸಿಯದ ಹಾಗೆ ನೋಡಿಕೊಂಡರೆ ಆಯಿತು. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಬಿಸಿ ಊಟ ಬೇಕಾದರೆ ಸೂರಿನಾಮಿ ರೊಟ್ಟಿ ಅಂಗಡಿ ಹುಡುಕಿ. 1873ರಿಂದ ಕಲ್ಕತ್ತದ ಬಂದರಿನಿಂದ ಕೂಲಿಗೆ ಅಂತ ದಕ್ಷಿಣ ಅಮೆರಿಕದಲ್ಲಿ ಆಗ ಡಚ್ಚರ ಕೈಯಲ್ಲಿದ್ದ ಸೂರಿನಾಮಿಗೆ ಹಡಗಿನಲ್ಲಿ ಒಯ್ದ ನಮ್ಮ ಜನರ ಮಕ್ಕಳು ಮೊಮ್ಮಕ್ಕಳು, 1975ರ ಹೊತ್ತಿಗೆ ಬಹಳಷ್ಟು ಮಂದಿ ನೆದರ್‌ಲ್ಯಾಂಡ್ಸ್‌ಗೆ ಬಂದರು. ಮೆತ್ತಗಿನ ರೊಟ್ಟಿ, ಆಲೂಗಡ್ಡೆ ಪಲ್ಯ, ಉದ್ದನೆಯ ಅಲಸಂದೆ ಕಾಯಿ. ಮೊಟ್ಟೆ, ಮಾಂಸ ಬೇಡ ಅಂತ ಮೊದಲೇ ಹೇಳಿ. ಅಲ್ಲಿನ ಬಹಳಷ್ಟು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಿರುತ್ತಾರೆ, ಕಟ್ಟುನಿಟ್ಟಿನವರು ಲೇಬಲ್ ನೋಡಿ.

ಇನ್ನೂ ದಿನ ಉಳಿದಿದ್ದರೆ

ವರ್ಮೀರ್ ಬರೆದ 'ಮುತ್ತಿನ ಓಲೆಯ ಹುಡುಗಿ' ಚಿತ್ರ ಇರುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಲ್ಲ, ಹೇಗ್ ಊರಿನ ಮಾರಿಟ್ಸ್‌ಹೌಸ್‌ನಲ್ಲಿ. ರೈಲಿನಲ್ಲಿ ಐವತ್ತು ನಿಮಿಷ. ಚಿಕ್ಕ ಮ್ಯೂಸಿಯಂ, ನಮ್ಮ ವಯಸ್ಸಿನವರಿಗೆ ಹೇಳಿ ಮಾಡಿಸಿದ್ದು. ಅವಳನ್ನು ನೋಡಿ, ಹಾಗೇ ಅದೇ ವರ್ಮೀರ್ ಬರೆದ ಡೆಲ್ಫ್ಟ್ ಊರಿನ ನೋಟ ನೋಡಿ. ಮಳೆ ನಿಂತ ಮೇಲಿನ ಮೋಡ ಹೇಗೆ ಅಂತ ಗೊತ್ತಾಗುತ್ತದೆ.

ಐಂಡ್‌ಹೋವನ್‌ನಲ್ಲಿ ಮಕ್ಕಳಿದ್ದರೆ ಪಕ್ಕದ ನ್ಯೂನೆನ್ ಹಳ್ಳಿಗೆ ಬಸ್ಸಿದೆ. ವ್ಯಾನ್ ಗೋ ಪೊಟೇಟೊ ಈಟರ್ಸ್ ಬರೆದದ್ದು ಅಲ್ಲೇ. ಅವನಪ್ಪ ಪಾದ್ರಿಯಾಗಿದ್ದ ಪುಟ್ಟ ಚರ್ಚು, ಮನೆ, ಒಂದು ಸಣ್ಣ ಮ್ಯೂಸಿಯಂ, ಅರ್ಧ ದಿನಕ್ಕೆ ಸಾಕು. ಅಲ್ಲಿಗೆ ಹೋಗುವ ಸೈಕಲ್ ದಾರಿಯ ಒಂದು ಭಾಗಕ್ಕೆ ಕತ್ತಲಾದ ಮೇಲೆ ಹೊಳೆಯುವ ಸಾವಿರಾರು ಸಣ್ಣ ಕಲ್ಲು ಕೂರಿಸಿದ್ದಾರೆ, ಸ್ಟಾರಿ ನೈಟ್‌ನ ಸುಳಿಗಳ ಹಾಗೆ. ಬೇಸಿಗೆಯಲ್ಲಿ ಅಲ್ಲಿ ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲಾಂದ್ರೆ ಅಳಿಯನನ್ನು ಕಾರ್ ತಗೊಂಡು ಬಾ ಅನ್ನಬೇಕಾಗುತ್ತದೆ.